ಗ್ರಹಗಳು ಹೊರಗಿವೆ, ಮೇಡಂ

"ಹಾಗಾದರೆ ಇಲ್ಲಿ ನೋಡುವುದಕ್ಕೆ ಏನಿದೆ?"

ಶನಿವಾರದಿಂದ ಈ ಮಾತು ನನ್ನ ತಲೆಯಿಂದ ಇಳಿದಿಲ್ಲ.

ಅಕ್ಕನ ಮಗ ಏಳನೇ ತರಗತಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಸೌರಮಂಡಲ ಮಾಡುತ್ತೇನೆ ಎಂದಾಗ ನಾನು ಥರ್ಮಾಕೋಲ್ ಉಂಡೆ, ಬಣ್ಣ, ತಂತಿ ತರಲು ಚೀಲ ಹಿಡಿದಿದ್ದೆ. ಅವನು ಬೇಡವೆಂದ. "ಚಿಕ್ಕಮ್ಮ, ಪುಸ್ತಕದ ಚಿತ್ರದಲ್ಲಿ ಎಲ್ಲ ಗ್ರಹಗಳೂ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತ ಹಾಗಿವೆ. ನಾನು ಸರಿಯಾದ ದೂರದಲ್ಲಿ ಇಡುತ್ತೇನೆ."

ಎರಡು ಸಂಜೆ ಲೆಕ್ಕಕ್ಕೇ ಹೋದವು. ಎಲ್ಲವನ್ನೂ ಸಾವಿರ ಕೋಟಿ ಪಟ್ಟು ಕುಗ್ಗಿಸಿದರೆ 10 ಲಕ್ಷ ಕಿಲೋಮೀಟರ್ ಎನ್ನುವುದು 10 ಸೆಂಟಿಮೀಟರ್ ಆಗುತ್ತದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್, ಅಂದರೆ 14 ಸೆಂಟಿಮೀಟರ್. ಅಪ್ಪ ಅಟ್ಟದಿಂದ ಏಳೆಂಟು ತೆಂಗಿನಕಾಯಿ ಇಳಿಸಿ ಸುಲಿದುಕೊಟ್ಟರು. ಹುಡುಗ ಸ್ಕೇಲ್ ಹಿಡಿದು ಅಳೆದೂ ಅಳೆದೂ ಒಂದನ್ನು ಆರಿಸಿದ. ಗುರುವಿಗೆ ಒಂದು ಗೋಲಿ, ಶನಿಗೆ ಅದಕ್ಕಿಂತ ಕೊಂಚ ಚಿಕ್ಕ ಗೋಲಿ. ಯುರೇನಸ್, ನೆಪ್ಚೂನ್ ಎರಡಕ್ಕೂ ಮೆಣಸಿನ ಕಾಳು. ಬುಧ, ಮಂಗಳಕ್ಕೆ ಗಸಗಸೆಯಲ್ಲೇ ಸಣ್ಣದು, ದೊಡ್ಡದು ಹೆಕ್ಕಿದೆವು. ಶುಕ್ರ ಮತ್ತು ಭೂಮಿ ಮಾತ್ರ ಹುಡುಕಾಟವಿಲ್ಲದೆ ಸಿಕ್ಕವು. ಎರಡೂ ರಾಗಿಕಾಳು.

ಅಪ್ಪ ಆ ರಾಗಿಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಮ್ಮ ತೋಟವೂ ಇದರಲ್ಲೇ ಇದೆಯೇನಪ್ಪಾ?" ಎಂದು ಮೊಮ್ಮಗನನ್ನು ಕೇಳಿದರು. ಪ್ರತಿ ಶನಿವಾರ ತಪ್ಪದೆ ನವಗ್ರಹಗಳಿಗೆ ಪ್ರದಕ್ಷಿಣೆ ಹಾಕುವವರು ಅವರು. ಆ ಒಂಬತ್ತರಲ್ಲಿ ಸೂರ್ಯ ಚಂದ್ರರಿದ್ದಾರೆ, ಭೂಮಿ ಇಲ್ಲ. ಭೂಮಿಯ ಮೇಲೆ ನಿಂತು ಆಕಾಶ ನೋಡಿದವರ ಲೆಕ್ಕ ಅದು. 1781ರಲ್ಲಿ ದೂರದರ್ಶಕಕ್ಕೆ ಸಿಕ್ಕ ಯುರೇನಸ್ ಆಗಲಿ, 1846ರಲ್ಲಿ ಸಿಕ್ಕ ನೆಪ್ಚೂನ್ ಆಗಲಿ ಅದರಲ್ಲಿಲ್ಲ. ಎರಡು ಮೆಣಸಿನ ಕಾಳುಗಳ ಹೆಸರನ್ನು ಅಪ್ಪ ಅವನಿಂದ ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತರು.

ಶನಿವಾರ ಬೆಳಿಗ್ಗೆ ಟೇಪು ಹಿಡಿದು ಹೊರಟೆವು. ಕೊಠಡಿಯ ಮೇಜಿನ ಮೇಲೆ ತೆಂಗಿನಕಾಯಿ. ಅಲ್ಲಿಂದ 6 ಮೀಟರಿಗೆ ಬುಧ, 11ಕ್ಕೆ ಶುಕ್ರ, 15ಕ್ಕೆ ಭೂಮಿ, 23ಕ್ಕೆ ಮಂಗಳ. ಗುರು ಬಂದದ್ದು 78ನೇ ಮೀಟರಿಗೆ, ಆಟದ ಮೈದಾನದ ಮೂಲೆಯಲ್ಲಿ. ಶನಿ ಗೇಟಿನಾಚೆಯ ಹೊಂಗೆ ಮರಕ್ಕೆ. ಯುರೇನಸ್ 287 ಮೀಟರ್ ದೂರದ ಬೇಕರಿಯ ಕಟ್ಟೆಗೆ. ನೆಪ್ಚೂನ್ 450 ಮೀಟರ್ ದೂರದ ನೀರಿನ ಟ್ಯಾಂಕಿಗೆ. ಪ್ರತಿ ಕಾಳನ್ನೂ ಬಿಳಿ ರಟ್ಟಿಗೆ ಅಂಟಿಸಿ, ಕೆಳಗೆ ಹೆಸರು ಬರೆದಿದ್ದ.

ಭೂಮಿಯ ರಟ್ಟನ್ನು ಪಡಸಾಲೆಯಲ್ಲಿ ಇಡುವಾಗ ಗೋಡೆಯಂಚಿನಲ್ಲಿ ಇರುವೆಯೊಂದು ಹೋಗುತ್ತಿತ್ತು. ಹುಡುಗ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. "ನಮ್ಮ ಅಳತೆಯಲ್ಲಿ ಬೆಳಕು ಸೆಕೆಂಡಿಗೆ 3 ಸೆಂಟಿಮೀಟರ್ ಹೋಗುತ್ತದೆ ಚಿಕ್ಕಮ್ಮ. ಹೆಚ್ಚು ಕಡಿಮೆ ಇದರಷ್ಟೇ." ತೆಂಗಿನಕಾಯಿಯಿಂದ ಹೊರಟ ಇರುವೆ ರಾಗಿಕಾಳು ಮುಟ್ಟಲು 8 ನಿಮಿಷ 20 ಸೆಕೆಂಡು. ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷ ಬೇಕೆಂದು ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದೇನೋ. ಆ ಎಂಟು ನಿಮಿಷ ಎಷ್ಟು ಉದ್ದ ಎಂದು ನನಗೆ ತಿಳಿದದ್ದು ಆ ಇರುವೆಯಿಂದ.

ತೀರ್ಪುಗಾರರು ಬಂದರು. ಮೇಜಿನ ಮೇಲೆ ತೆಂಗಿನಕಾಯಿ ಮಾತ್ರ.

"ಗ್ರಹಗಳು ಎಲ್ಲಿ?"

"ಗ್ರಹಗಳು ಹೊರಗಿವೆ, ಮೇಡಂ."

"ಹಾಗಾದರೆ ಇಲ್ಲಿ ನೋಡುವುದಕ್ಕೆ ಏನಿದೆ?"

ಅವನು ಬಾಗಿಲಿನ ಕಡೆ ಕೈ ತೋರಿಸಿದ. ಅವರು ಹಾಳೆಯಲ್ಲಿ ಏನನ್ನೋ ಬರೆದು ಮುಂದಿನ ಮೇಜಿಗೆ ಹೋದರು. ಕೈ ಹಾಗೇ ಚಾಚಿಕೊಂಡಿತ್ತು.

ಅವರು ಕೆಟ್ಟವರಲ್ಲ, ಮಕ್ಕಳಿಗೆ ಗದರುವವರೂ ಅಲ್ಲ. ಊಟದ ಗಂಟೆಯೊಳಗೆ ಅಷ್ಟೂ ಮೇಜು ಮುಗಿಸಬೇಕಿತ್ತು. ಮೋಟಾರು ತಿರುಗುವ, ದೀಪ ಉರಿಯುವ ಸೌರಮಂಡಲಕ್ಕೆ ಬಹುಮಾನ ಬಂದದ್ದಕ್ಕೂ ನನಗೆ ಬೇಸರವಿಲ್ಲ, ಆ ಹುಡುಗಿಯೂ ರಾತ್ರಿಯೆಲ್ಲ ಕೂತು ಮಾಡಿದ್ದಾಳೆ. ಆದರೆ ವಿಜ್ಞಾನ ಕಲಿಸುವವರು ಬಾಗಿಲಿನಾಚೆ ಹದಿನೈದು ಮೀಟರ್ ನಡೆಯಬೇಕಿತ್ತು. ಪಕ್ಕದಲ್ಲೇ ನಿಂತಿದ್ದ ನಾನು ಹಾಗೆಂದು ಹೇಳಬೇಕಿತ್ತು. ಹೇಳಲಿಲ್ಲ. ನನ್ನನ್ನು ಕೊರೆಯುತ್ತಿರುವುದು ಅದೇ.

ನೋಡುವುದಕ್ಕೆ ಏನಿದೆ? ಸೌರಮಂಡಲದ ದ್ರವ್ಯದಲ್ಲಿ ನೂರಕ್ಕೆ 99.8ರಷ್ಟು ಆ ಮೇಜಿನ ಮೇಲಿನ ತೆಂಗಿನಕಾಯಿಯಲ್ಲೇ ಇದೆ. ಉಳಿದದ್ದರಲ್ಲಿ ಹೆಚ್ಚಿನದು ಮೈದಾನದ ಗೋಲಿಯಲ್ಲಿ. ಮಂಗಳಕ್ಕೂ ಗುರುವಿಗೂ ನಡುವಿನ ಲಕ್ಷಾಂತರ ಕ್ಷುದ್ರಗ್ರಹಗಳನ್ನೆಲ್ಲ ಗುಡಿಸಿ ಒಟ್ಟುಮಾಡಿದರೂ ನಮ್ಮ ಚಂದ್ರನಷ್ಟಾಗುವುದಿಲ್ಲ. ಆ ಚಂದ್ರ ರಾಗಿಕಾಳಿನಿಂದ ಎರಡು ಬೆರಳಿನ ಅಗಲದಷ್ಟು ಆಚೆ. ಮನುಷ್ಯರು ಹೋಗಿ ಬಂದಿರುವುದು ಅಷ್ಟೇ ದೂರ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ನಾವೆಲ್ಲ ಟಿ.ವಿ. ಮುಂದೆ ಉಸಿರು ಹಿಡಿದು ಕೂತದ್ದು ಆ ಎರಡು ಬೆರಳಿಗಾಗಿ. ಸೂರ್ಯನನ್ನು ನೋಡಲು ಹೋದ ನಮ್ಮ ಆದಿತ್ಯ-ಎಲ್1 ರಾಗಿಕಾಳಿನಿಂದ 15 ಸೆಂಟಿಮೀಟರ್ ದೂರದಲ್ಲಿದೆ, ಒಂದು ಗೇಣೂ ಇಲ್ಲ. 1977ರಲ್ಲಿ ಹೊರಟ ಗಗನನೌಕೆ ವಾಯೇಜರ್-1 ಟ್ಯಾಂಕು ದಾಟಿ, ಪ್ಲೂಟೊ ಮತ್ತದರ ಹಿಮದ ನೆರೆಹೊರೆ ದಾಟಿ, ಎರಡೂವರೆ ಕಿಲೋಮೀಟರ್ ಆಚೆ ಇನ್ನೂ ನಡೆಯುತ್ತಿದೆ. ಇನ್ನೊಂದು ಸೂರ್ಯ ಬೇಕೆಂದರೆ 4,000 ಕಿಲೋಮೀಟರ್ ಹೋಗಬೇಕು. ಕನ್ಯಾಕುಮಾರಿಯಿಂದ ಕಾಶ್ಮೀರದ ತುದಿಯೂ ಅಷ್ಟಿಲ್ಲ.

2006ರಲ್ಲಿ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದಾಗ ಎಷ್ಟೊಂದು ವಾದ ಮಾಡಿದೆವು. ಒಂಬತ್ತೋ ಎಂಟೋ ಎಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಆ ಎಂಟರ ನಡುವೆ ಇರುವ ಬಯಲನ್ನು ಮಾತ್ರ ಪುಸ್ತಕದ ಪುಟಕ್ಕೆ ಹಿಡಿಸುವುದಿಲ್ಲವೆಂದು ಬಿಟ್ಟುಬಿಟ್ಟೆವು. ಇರುವುದರಲ್ಲಿ ಬಹುಪಾಲು ಅದೇ.

ಸೋಮವಾರ ಬ್ರೆಡ್ಡಿಗೆಂದು ಬೇಕರಿಗೆ ಹೋದೆವು. ರಟ್ಟು ಕಟ್ಟೆಯ ಮೇಲಿರಲಿಲ್ಲ. ಹುಡುಗ ಕೇಳಲಿಲ್ಲ, ಮುಖ ತಿರುಗಿಸಿ ನಿಂತ. ಅಂಗಡಿಯವರೇ ಗಾಜಿನ ಕಪಾಟಿನ ಮೇಲಿನಿಂದ ಅದನ್ನು ತೆಗೆದರು. ಗಾಳಿಗೆ ಹಾರೀತೆಂದು ಬಿಸ್ಕತ್ತಿನ ಡಬ್ಬಿಯ ಮುಚ್ಚಳದೊಳಗೆ ಇಟ್ಟಿದ್ದರು.

"ಇದಾದ ಮೇಲೆ ಇನ್ನೊಂದು ಇದೆ ಅಂದಿದ್ದೆಯಲ್ಲ, ಅದು ಎಲ್ಲಿ?"

"ಟ್ಯಾಂಕಿನ ಹತ್ತಿರ ಅಂಕಲ್."

ಅವರು ಕೆಲಸದ ಹುಡುಗನಿಗೆ ಗಲ್ಲಾ ನೋಡಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿಕೊಂಡರು.