ಎಡ್ಡಿ ಮರ್ಫಿ ಮಕ್ಕಳ ಕಪಾಟಿಗೆ ಬಂದ ದಾರಿ

ಅಮೆರಿಕದ ಹಾಸ್ಯಗಾರ, ನಟ ಎಡ್ಡಿ ಮರ್ಫಿ ಮೆತ್ತಗಾದ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ. ಎಂಬತ್ತರ ದಶಕದಲ್ಲಿ ಮೈಗೆ ಅಂಟಿದ ಲೆದರ್ ಸೂಟು ಹಾಕಿಕೊಂಡು, ಮಾತಿಗೊಂದು ಬೈಗುಳ ಹಾಕುತ್ತಾ ವೇದಿಕೆ ತುಂಬ ಓಡಾಡುತ್ತಿದ್ದ ಹುಡುಗ. ಆಮೇಲೆ ಪ್ರಾಣಿಗಳ ಜೊತೆ ಮಾತಾಡುವ ಡಾಕ್ಟರಾದ, ಮನೆಯಲ್ಲೇ ಡೇಕೇರ್ ನಡೆಸುವ ಅಪ್ಪನಾದ, ಕಾರ್ಟೂನಿನ ಕತ್ತೆಯಾದ. ದುಡ್ಡಿಗೋಸ್ಕರ ಹೋದ ಅನ್ನುತ್ತಾರೆ ಕೆಲವರು. ವಯಸ್ಸಾಯ್ತು ಅನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಅವನ ಹಳೆಯ ಕೆಲಸವನ್ನು ಸರಿಯಾಗಿ ಕೇಳಿದವರಿಗೆ ಬೇರೆಯೇ ಒಂದು ವಿಷಯ ಕಾಣುತ್ತದೆ. ಅದನ್ನೇ ಇಲ್ಲಿ ಹೇಳಬೇಕು ಅಂತ ನನಗೆ ಆಸೆ.

ನ್ಯೂ ಜೆರ್ಸಿಯ ಒಂದು ಪಬ್ಲಿಕ್ ಲೈಬ್ರರಿಯಲ್ಲಿ ವಿಡಿಯೊ ವಿಭಾಗ ನೋಡಿಕೊಳ್ಳುವುದು ಬಹಳ ಕಾಲ ನನ್ನ ಕೆಲಸವಾಗಿತ್ತು. ವಿಎಚ್‌ಎಸ್ ಟೇಪುಗಳು ಹೋಗಿ ಡಿವಿಡಿ ಬಂದದ್ದು ನನ್ನ ಕಣ್ಣೆದುರಿಗೇ. ದೊಡ್ಡವರ ಹಾಸ್ಯದ ಸಾಲಿನಲ್ಲಿ ಅವನ ವೇದಿಕೆ ಹಾಸ್ಯದ ಚಿತ್ರ 'ರಾ' ಇರುತ್ತಿತ್ತು, ಮೇಲೆ ಎಡ್ಡಿ ಮರ್ಫಿಯ ಮುಖ. ಆಚೆ ಬದಿಯ ಮಕ್ಕಳ ಕಪಾಟಿನಲ್ಲಿ 'ಡಾಕ್ಟರ್ ಡೂಲಿಟಲ್', ಅದರ ಮೇಲೂ ಅದೇ ಮುಖ. ವಾಪಸ್ ಬಂದ ಟೇಪುಗಳನ್ನು ಜೋಡಿಸುವಾಗ ಈ ಎರಡೂ ಒಟ್ಟಿಗೆ ಕೈಗೆ ಸಿಗುತ್ತಿದ್ದವು. ಒಬ್ಬನೇ ಮನುಷ್ಯ ಎರಡು ಕಪಾಟಿಗೆ ಹೇಗೆ ಹೊಂದುತ್ತಾನೆ ಅಂತ ಕುತೂಹಲವಾಗಿ, ಅವನದ್ದೆಲ್ಲ ಒಂದೊಂದಾಗಿ ಮನೆಗೆ ತಂದು ನೋಡಲು ಶುರು ಮಾಡಿದೆ.

ಅವನ ವೇದಿಕೆ ಹಾಸ್ಯದ ವಿಡಿಯೊ 'ಡೆಲಿರಿಯಸ್' 1983ರದ್ದು. ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನಲ್ಲಿ ಚಿತ್ರೀಕರಿಸಿದ್ದು. ಅವನಿಗೆ ಆಗ 22 ವರ್ಷ. ಇದರ ಬಗ್ಗೆ ಮಾತಾಡುವವರೆಲ್ಲ ಮೊದಲು ಹೇಳುವುದು ಬೈಗುಳದ ವಿಷಯ. ಬೈಗುಳ ಹೆಜ್ಜೆ ಹೆಜ್ಜೆಗೂ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ನಲವತ್ತು ವರ್ಷವಾದರೂ ಜನ ನೆನಪಿಟ್ಟುಕೊಂಡಿರುವ ಭಾಗಗಳು ಯಾವುವು ನೋಡಿ. ಬೀದಿಗೆ ಐಸ್‌ಕ್ರೀಮ್ ಗಾಡಿ ಬರುತ್ತದೆ. ಮಕ್ಕಳು ಹುಚ್ಚೆದ್ದು ಅಮ್ಮನ ಹತ್ತಿರ ದುಡ್ಡು ಕೇಳಲು ಓಡುತ್ತಾರೆ. ಐಸ್‌ಕ್ರೀಮ್ ಸಿಕ್ಕವನು ಸಿಗದವನ ಮುಂದೆ ಕುಣಿದು, ನಿಮ್ಮ ಮನೆಯಲ್ಲಿ ದುಡ್ಡಿಲ್ಲ ಅಂತ ಹಾಡಿ ಆಡಿಸುತ್ತಾನೆ. ಇನ್ನೊಂದು ಕಡೆ ಅಮ್ಮ ಚಪ್ಪಲಿ ಎಸೆಯುತ್ತಾಳೆ, ಅವಳ ಗುರಿ ಒಂದು ಸಲವೂ ತಪ್ಪುವುದಿಲ್ಲ. ಆಮೇಲೆ ಮನೆಯ ಹಿತ್ತಲಲ್ಲಿ ನೆಂಟರೆಲ್ಲ ಸೇರಿ ಬಾರ್ಬೆಕ್ಯೂ ಮಾಡುತ್ತಾರೆ. ಗಸ್ ಮಾವ ಬೆಂಕಿಯನ್ನು ಆಳೆತ್ತರ ಉರಿಸುತ್ತಾನೆ, ದಪ್ಪಗಿನ ಬನ್ನಿ ಅತ್ತೆ ಮೆಟ್ಟಿಲಿನಿಂದ ಉರುಳುತ್ತಾಳೆ, ಅಪ್ಪ ಕುಡಿದು ಇದು ನನ್ನ ಮನೆ ಅಂತ ಕೂಗಾಡುತ್ತಾನೆ.

ಇವೆಲ್ಲ ಏನು? ಮನೆಯ ಕತೆಗಳೇ ಅಲ್ವಾ? ಎಂಟು ಹತ್ತು ವರ್ಷದ ಹುಡುಗ ಮೂಲೆಯಲ್ಲಿ ನಿಂತು ದೊಡ್ಡವರನ್ನು ನೋಡಿ, ಅವರ ದನಿ, ನಡಿಗೆ, ಕೆಮ್ಮು ಎಲ್ಲ ಕದ್ದಿಟ್ಟುಕೊಂಡಿದ್ದಾನೆ. 'ರಾ' ಬಂದಾಗಲೂ ಅಷ್ಟೇ. ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮೆಕ್‌ಡೊನಾಲ್ಡ್ಸ್ ಬರ್ಗರ್ ಬೇಕು ಅಂತ ಹಟ ಹಿಡಿದ ಹುಡುಗನಿಗೆ ಅಮ್ಮ ಮನೆಯಲ್ಲೇ ಬರ್ಗರ್ ಮಾಡಿಕೊಡುವ ಭಾಗ. ಈರುಳ್ಳಿ, ದಪ್ಪ ಮೆಣಸಿನಕಾಯಿ ಎಲ್ಲ ಹಾಕಿದ ಮುದ್ದೆಯಂಥ ಮಾಂಸ, ಬನ್ ಬದಲು ಮಾಮೂಲಿ ಬ್ರೆಡ್ಡು. ತುಮಕೂರಿನಲ್ಲಿ ನಮ್ಮಮ್ಮ ಹೋಟೆಲ್ ಮಸಾಲೆ ದೋಸೆ ಕೇಳಿದಾಗಲೆಲ್ಲ "ಅದಕ್ಕೇನು, ಮನೇಲೇ ಮಾಡ್ತೀನಿ" ಅಂತಿದ್ದದ್ದು ಕಿವಿಯಲ್ಲಿ ಕೇಳಿಸಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಹುಡುಗ ಹೇಳಿದ ಕತೆಗೆ ತುಮಕೂರಿನ ಹುಡುಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಅವನ ಬಾಲ್ಯ ಹಗುರವಾದದ್ದೇನಲ್ಲ. ಪೊಲೀಸ್ ಕೆಲಸದಲ್ಲಿದ್ದು ಹವ್ಯಾಸಕ್ಕೆ ಹಾಸ್ಯ ಮಾಡುತ್ತಿದ್ದ ಅಪ್ಪ ತೀರಿಕೊಂಡಾಗ ಅವನಿಗೆ 8 ವರ್ಷ. ಅಮ್ಮನಿಗೆ ಕಾಯಿಲೆಯಾಗಿ ಅಣ್ಣ ತಮ್ಮ ಇಬ್ಬರೂ ಸ್ವಲ್ಪ ಕಾಲ ಬೇರೆಯವರ ಮನೆಯಲ್ಲಿ ಬೆಳೆದರು. ಆಮೇಲೆ ಅಮ್ಮ ಮತ್ತೆ ಮದುವೆಯಾದಳು. ಮಲತಂದೆ ಐಸ್‌ಕ್ರೀಮ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ಊರು ರೂಸ್‌ವೆಲ್ಟ್. ಹೀಗೆ ಒಮ್ಮೆ ಚೆಲ್ಲಾಪಿಲ್ಲಿಯಾಗಿ ಮತ್ತೆ ಕೂಡಿದ ಮನೆಯ ಹುಡುಗನಿಗೆ ಎಲ್ಲರೂ ಒಟ್ಟಿಗೆ ಇರುವ ಗಲಾಟೆಯೇ ದೊಡ್ಡ ಆಸ್ತಿ ಅನ್ನಿಸಿರಬೇಕು. ಇದು ನನ್ನ ಊಹೆ. ಆದರೆ ಅವನ ಹಾಸ್ಯ ಮತ್ತೆ ಮತ್ತೆ ಆ ಗಲಾಟೆಗೇ ಹೋಗುವುದು ಮಾತ್ರ ಊಹೆಯಲ್ಲ.

1996ರ 'ದಿ ನಟ್ಟಿ ಪ್ರೊಫೆಸರ್' ನೋಡಿದಾಗ ಇದು ನನಗೆ ಇನ್ನೂ ಗಟ್ಟಿಯಾಯಿತು. ಅದರಲ್ಲಿ ಕ್ಲಂಪ್ ಮನೆಯವರು ಊಟಕ್ಕೆ ಕೂತಿರುವ ದೃಶ್ಯ ಇದೆ. ಮಗ, ಅಪ್ಪ, ಅಮ್ಮ, ಅಜ್ಜಿ, ಅಣ್ಣ, ಐದೂ ಜನ ಮರ್ಫಿಯೇ. ಇಡೀ ಚಿತ್ರದಲ್ಲಿ ಅವನದು ಏಳು ಪಾತ್ರ. ರಿಕ್ ಬೇಕರ್ ಮಾಡಿದ ಮೇಕಪ್ಪಿಗೆ ಆಸ್ಕರ್ ಬಂತು, ಸರಿಯಾಗಿಯೇ ಬಂತು. ಆದರೆ ಆ ಮೇಕಪ್ಪಿನ ಒಳಗೆ ಅಮ್ಮನ ಸಂಕೋಚದ ನಗು ಬೇರೆ, ಅಜ್ಜಿಯ ಗತ್ತು ಬೇರೆ, ಅಪ್ಪನ ಒರಟು ಬೇರೆ. ಒಂದೊಂದು ಪಾತ್ರವನ್ನು ಒಂದೊಂದು ಸಲ ಕೂತು ಅಭಿನಯಿಸಿ, ಆಮೇಲೆ ಎಲ್ಲ ಸೇರಿಸಿದ್ದು. ಅಲ್ಲಿ ಇಲ್ಲದ ನಾಲ್ಕು ಜನರ ಮಾತಿಗೆ ಸರಿಯಾದ ಹೊತ್ತಿಗೆ ಉತ್ತರ ಕೊಡಬೇಕು. 'ಡೆಲಿರಿಯಸ್'ನ ಹಿತ್ತಲಲ್ಲಿ ಒಬ್ಬನೇ ನಿಂತು ಇಡೀ ನೆಂಟರ ಗುಂಪನ್ನು ತೋರಿಸಿದ್ದವನಿಗಲ್ಲದೆ ಬೇರೆ ಯಾರಿಗೆ ಇದು ಸಾಧ್ಯವಿತ್ತು? 13 ವರ್ಷ ಕಳೆದಿದೆ, ಬೈಗುಳ ಕಡಿಮೆಯಾಗಿದೆ, ಮನೆಯವರು ಮಾತ್ರ ಅವರೇ.

ಹಾಗಾದರೆ ವೇದಿಕೆ ಯಾಕೆ ಬಿಟ್ಟ? ಉತ್ತರ 'ರಾ'ದಲ್ಲೇ ಇದೆ ಅಂತ ನನಗನ್ನಿಸುತ್ತದೆ. 1987ರ ಚಿತ್ರ ಅದು. ಸ್ಟ್ಯಾಂಡ್-ಅಪ್, ಅಂದರೆ ಒಬ್ಬನೇ ನಿಂತು ಮಾಡುವ ಹಾಸ್ಯದ ಚಿತ್ರವೊಂದು ಥಿಯೇಟರಿನಲ್ಲಿ 5 ಕೋಟಿ ಡಾಲರ್ ಗಳಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಅದರ ದೊಡ್ಡದೊಂದು ಪಾಲು ಮಾತು ಮದುವೆಯಾದರೆ ಹೆಂಡತಿ ಅರ್ಧ ಆಸ್ತಿ ಹೊಡೆದುಕೊಂಡು ಹೋಗುತ್ತಾಳೆ ಅನ್ನುವ ಭಯದ ಬಗ್ಗೆ. 26 ವರ್ಷಕ್ಕೇ ಜಗತ್ತಿನ ದೊಡ್ಡ ಸ್ಟಾರ್ ಆದವನಿಗೆ ಬೇರೆ ಏನು ಕಾಣುತ್ತದೆ? ಬಸ್ಸಿನಲ್ಲಿ ಹೋಗುವ ಹಾಗಿಲ್ಲ, ಅಂಗಡಿಯ ಮುಂದೆ ಸುಮ್ನೆ ನಿಲ್ಲುವ ಹಾಗಿಲ್ಲ. ಎದುರು ಬಂದವರೆಲ್ಲ ಅವನನ್ನು ನೋಡುತ್ತಾರೆ, ಅವನಿಗೆ ಅವರನ್ನು ನೋಡಲು ಆಗುವುದಿಲ್ಲ. ಹಾಸ್ಯಗಾರನಿಗೆ ಇದಕ್ಕಿಂತ ದೊಡ್ಡ ಬರ ಇಲ್ಲ. ಮನೆಗಳ ಕತೆ ಹೇಳುವವನು ಬೇಲಿ ಹಾಕಿದ ಬಂಗಲೆಯಲ್ಲಿ ಕೂತಾಗ ಹೊರಗಿನ ಮನೆಗಳು ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ.

ಒಂದು ಮಾತಿಗೆ ನಾನು ಅವನನ್ನು ಮೆಚ್ಚುತ್ತೇನೆ. ಅವನು ಸ್ಟ್ಯಾಂಡ್-ಅಪ್ಪನ್ನು ಮೆದು ಮಾಡಿ ಮಾರಲಿಲ್ಲ. ಹೇಳಲು ಇಲ್ಲದಾಗ ವೇದಿಕೆಯನ್ನೇ ಬಿಟ್ಟ. ತನ್ನ ದನಿಗಳನ್ನು ಎತ್ತಿಕೊಂಡು ಬೇರೆ ಕಡೆ ಹೋದ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಲೈಬ್ರರಿಯ ಕೌಂಟರಿನಲ್ಲಿ ನಿಂತೇ ನೋಡಬಹುದಿತ್ತು. ಅಮೆರಿಕದಲ್ಲಿ ಚಿತ್ರಕ್ಕೆ 'ಆರ್' ರೇಟಿಂಗ್ ಬಿದ್ದರೆ 17 ವರ್ಷದೊಳಗಿನವರು ದೊಡ್ಡವರ ಜೊತೆಗೇ ಬರಬೇಕು. ಅದು ಇಲ್ಲದಿದ್ದರೆ ಮನೆ ಮಂದಿಯೆಲ್ಲ ಬರುತ್ತಾರೆ, ಒಂದು ಟಿಕೆಟಿನ ಜಾಗದಲ್ಲಿ ನಾಲ್ಕು. 'ಡಾಕ್ಟರ್ ಡೂಲಿಟಲ್' 1998ರಲ್ಲಿ ಜಗತ್ತಿನಾದ್ಯಂತ 29 ಕೋಟಿ ಡಾಲರ್ ದಾಟಿತು. ಅವನು ಕತ್ತೆಗೆ ದನಿ ಕೊಟ್ಟ 2004ರ 'ಶ್ರೆಕ್ 2' 92 ಕೋಟಿಗೂ ಜಾಸ್ತಿ. ಇದಕ್ಕಿಂತ ಮುಖ್ಯವಾದದ್ದು, ಮಕ್ಕಳು ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಾರೆ. ನಮ್ಮಲ್ಲಿ 'ಶ್ರೆಕ್' ಡಿವಿಡಿಗಳು ಗೀರು ಬಿದ್ದು ಹಾಳಾಗುತ್ತಿದ್ದವು, ಹೊಸದು ತರಿಸುತ್ತಲೇ ಇರಬೇಕಿತ್ತು. ಅವನ್ನು ಆರಿಸಿ ಮಗುವಿನ ಕೈಗೆ ಕೊಡುತ್ತಿದ್ದವರು ಯಾರು ಅಂದುಕೊಂಡಿರಿ? ಕಾಲೇಜಿನಲ್ಲಿದ್ದಾಗ ಕದ್ದುಮುಚ್ಚಿ 'ಡೆಲಿರಿಯಸ್' ನೋಡಿದ್ದ ಅಪ್ಪಂದಿರು. ಕವರ್ ನೋಡಿ ಮುಖ ಅರಳಿಸಿ, ಪಕ್ಕದಲ್ಲಿದ್ದ ಹೆಂಡತಿಗೆ ಒಂದು ಹಳೇ ಜೋಕು ಪಿಸುಗುಟ್ಟಿ, ಆಮೇಲೆ ಮಗುವಿಗೆ "ಇದು ಚೆನ್ನಾಗಿದೆ, ತಗೋ" ಅನ್ನುತ್ತಿದ್ದರು. ಮರ್ಫಿ ಒಬ್ಬನೇ ಮನೆಯ ಕಡೆ ತಿರುಗಲಿಲ್ಲ. ಅವನ ಪ್ರೇಕ್ಷಕರೂ ಅದೇ ಹೊತ್ತಿಗೆ ಮಕ್ಕಳೊಂದಿಗರಾಗಿದ್ದರು.

ಅವನಿಗೂ ಅಷ್ಟರಲ್ಲಿ ಮಕ್ಕಳಾಗಿದ್ದವು. ಈಗ ಹತ್ತು ಮಕ್ಕಳ ತಂದೆ. 'ಮುಲಾನ್' ಚಿತ್ರದ ಪುಟ್ಟ ಡ್ರ್ಯಾಗನ್ ಮುಶುವಿಗೆ ದನಿ ಕೊಡುವಾಗ ಡಿಸ್ನಿಯವರು ಸ್ಟುಡಿಯೊಗೆ ಬನ್ನಿ ಅಂದರೆ, ಅವನು ನಮ್ಮ ನ್ಯೂ ಜೆರ್ಸಿಯ ಎಂಗಲ್‌ವುಡ್ಡಿನಲ್ಲಿದ್ದ ತನ್ನ ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಮಾಡಿಸಿದ. ಊರೂರು ಸುತ್ತಿ ರಾತ್ರಿ ಹನ್ನೊಂದಕ್ಕೆ ಸಾವಿರ ಜನರ ಮುಂದೆ ನಿಲ್ಲುವ ಬದಲು, ಮೆಟ್ಟಿಲಿಳಿದು ಮೈಕಿನ ಮುಂದೆ ಮಾತಾಡಿ ಊಟಕ್ಕೆ ಮೇಲೆ ಬರಬಹುದು. ಮಕ್ಕಳಿರುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾಗಿ ಬದಲಾಗಲೇಬೇಕಾಗಿದ್ದದ್ದು ಒಂದಿತ್ತು. 'ಡೆಲಿರಿಯಸ್' ಶುರುವಾಗುವುದೇ ಸಲಿಂಗಿಗಳನ್ನು ಹೀಯಾಳಿಸುವ ಜೋಕುಗಳಿಂದ. ಏಡ್ಸ್ ಬಗ್ಗೆಯೂ ಅದರಲ್ಲಿ ಮಾತಿದೆ. ಜನ ಸಾಯುತ್ತಿದ್ದ ಕಾಲ ಅದು. ಆ ಭಾಗವನ್ನು ನಾನು ಆಗಲೂ ನೋಡಲಾರದೆ ಮುಂದೆ ಓಡಿಸಿದೆ, ಈಗಲೂ ಓಡಿಸುತ್ತೇನೆ. 1996ರಲ್ಲಿ ಅವನು ಅದಕ್ಕೆ ಸಾರ್ವಜನಿಕವಾಗಿ ಕ್ಷಮೆ ಕೇಳಿದ. 2019ರಲ್ಲೂ ಆ ಹಳೆಯ ಮಾತುಗಳನ್ನು ನೋಡಿದರೆ ಮುದುಡಿಹೋಗುತ್ತೇನೆ ಅನ್ನುವ ಅರ್ಥದಲ್ಲಿ ಹೇಳಿದ್ದ. ಅವು ಇಲ್ಲದಿದ್ದರೆ ಹಾಸ್ಯಕ್ಕೆ ಏನೂ ನಷ್ಟವಿರಲಿಲ್ಲ. ಬಿಸಿಬಿಸಿ ಇದ್ದದ್ದು ಐಸ್‌ಕ್ರೀಮಿನ ಕತೆಯಲ್ಲಿ, ಇವುಗಳಲ್ಲಿ ಅಲ್ಲ.

ಬೈಗುಳ ಮತ್ತು ಒಳ್ಳೆಯತನದ ಲೆಕ್ಕ ಬೇರೆ ಬೇರೆ. 'ರಾ'ದಲ್ಲಿ ಮರ್ಫಿ ಒಂದು ಪ್ರಸಂಗ ಹೇಳುತ್ತಾನೆ. ಹಿರಿಯ ಹಾಸ್ಯಗಾರ ಬಿಲ್ ಕಾಸ್ಬಿ ಫೋನ್ ಮಾಡಿ, ವೇದಿಕೆಯಲ್ಲಿ ಹೊಲಸು ಮಾತಾಡಬಾರದು ಅಂತ ಪಾಠ ಹೇಳಿದನಂತೆ. ನೊಂದ ಮರ್ಫಿ ಇನ್ನೊಬ್ಬ ಹಾಸ್ಯಗಾರ ರಿಚರ್ಡ್ ಪ್ರಯರ್‌ಗೆ ಫೋನ್ ಮಾಡಿದರೆ, ಜನ ನಗುತ್ತಾರಾ, ನಿನಗೆ ದುಡ್ಡು ಬರುತ್ತಾ, ಹಾಗಿದ್ದರೆ ಬಿಲ್‌ಗೆ ಬಾಯಿ ಮುಚ್ಚು ಅಂತ ಹೇಳು ಅಂದನಂತೆ. ಆ ಕಾಲಕ್ಕೆ ಕಾಸ್ಬಿ ಟಿವಿಯಲ್ಲಿ ಅಮೆರಿಕದ ಮಾದರಿ ಅಪ್ಪ, ಒಂದು ಕೆಟ್ಟ ಪದ ಆಡದವನು. ಆಮೇಲೆ ಹತ್ತಾರು ಹೆಂಗಸರು ಅವನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. 2018ರಲ್ಲಿ ಶಿಕ್ಷೆಯಾಯಿತು, 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಆ ಹೆಂಗಸರ ಮಾತು ಮಾತ್ರ ನನ್ನ ಮನಸ್ಸಿನಿಂದ ರದ್ದಾಗಿಲ್ಲ. ಮಕ್ಕಳ ಕಪಾಟಿನಲ್ಲಿ ಕಾಸ್ಬಿಯ ಟೇಪುಗಳೂ ಇದ್ದವು.

ಎಲ್ಲರಿಗೂ ಮರ್ಫಿಯ ದಾರಿ ಆಗಿಬರುವುದಿಲ್ಲ. ಪ್ರಯರ್ ಅವನ ಗುರುವಿನಂಥವನು. 1982ರ ಚಿತ್ರವೊಂದರಲ್ಲಿ, ತನ್ನ ಮೈ ಸುಟ್ಟುಕೊಂಡದ್ದನ್ನೇ ವೇದಿಕೆಯಲ್ಲಿ ಹೇಳಿ ಜನರನ್ನು ನಗಿಸಿದ ಕಲಾವಿದ. ಆಮೇಲೆ ಅವನೂ ಮನೆಮಂದಿಯ ಕಡೆ ತಿರುಗಿದ: ಅದೇ ವರ್ಷ 'ದಿ ಟಾಯ್' ಚಿತ್ರ, 1983ರಲ್ಲಿ 'ಸೂಪರ್‌ಮ್ಯಾನ್ 3', 1984ರಲ್ಲಿ ಶನಿವಾರ ಬೆಳಗಿನ ಮಕ್ಕಳ ಕಾರ್ಯಕ್ರಮ 'ಪ್ರಯರ್ಸ್ ಪ್ಲೇಸ್', ಅದು ಒಂದೇ ಸೀಸನ್ನಿಗೆ ನಿಂತಿತು. ಅವನ ಅಜ್ಜಿ ವೇಶ್ಯಾಗೃಹ ನಡೆಸುತ್ತಿದ್ದಳು, ಅವನು ಬೆಳೆದದ್ದು ಅಲ್ಲೇ. ಅವನ ಹಾಸ್ಯ ಹುಟ್ಟಿದ್ದು ನೋವಿನಿಂದ. ನೋವನ್ನು ತೆಗೆದಿಟ್ಟು ಬರೀ ನಗು ಕೊಡು ಅಂದರೆ ಅವನ ಹತ್ತಿರ ಕೊಡಲು ಏನೂ ಉಳಿಯುತ್ತಿರಲಿಲ್ಲ. 'ದಿ ಟಾಯ್' ನೋಡಿದಾಗ ನನಗೆ ಬೇಜಾರಲ್ಲ, ದುಃಖ ಆಯಿತು.

ಹಾಸ್ಯಗಾರ ಜಾರ್ಜ್ ಕಾರ್ಲಿನ್ ಇನ್ನೊಂದು ರೀತಿ. ಟಿವಿಯಲ್ಲಿ ಹೇಳಬಾರದ ಏಳು ಪದಗಳನ್ನು ಹೇಳಿದ್ದಕ್ಕೆ 1972ರಲ್ಲಿ ಮಿಲ್ವಾಕಿಯಲ್ಲಿ ಅವನನ್ನು ಹಿಡಿದರು. ಮರುವರ್ಷ ಅಂಥದ್ದೇ ಮಾತು ರೇಡಿಯೊದಲ್ಲಿ ಬಂದಾಗ, ಮಗನ ಜೊತೆ ಕಾರಿನಲ್ಲಿ ಹೋಗುತ್ತಿದ್ದ ಅಪ್ಪನೊಬ್ಬ ದೂರು ಕೊಟ್ಟ. ಅದು 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ ನಿಂತಿತು. ಅದೇ ಕಾರ್ಲಿನ್ 1991ರಿಂದ ಟಿವಿಯಲ್ಲಿ ಪುಟ್ಟ ಮಕ್ಕಳಿಗೆ ಥಾಮಸ್ ಅನ್ನುವ ರೈಲಿನ ಕತೆ ಹೇಳಿದ. ಆದರೆ 1992ರಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಕೊಲ್ಲಿ ಯುದ್ಧದ ಬಗ್ಗೆ ಅವನು ಆಡಿದ ಮಾತು ಕೇಳಿ. ಸಿಟ್ಟು ಜಾಸ್ತಿಯಾಗಿದೆ, ಕಡಿಮೆಯಾಗಿಲ್ಲ. 2008ರಲ್ಲಿ ಸಾಯುವವರೆಗೂ ಹಾಗೇ ಇದ್ದ. ಮಕ್ಕಳ ಎದುರು ಒಂದು ದನಿ, ದೊಡ್ಡವರ ಎದುರು ಇನ್ನೊಂದು. ಎರಡೂ ಅವನದೇ.

ಕನ್ನಡ ಕೂಟಕ್ಕೆ ಹಾಸ್ಯ ನಾಟಕ ಬರೆಯುವಾಗ ನನಗೆ ಇದೆಲ್ಲ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಮುಂದಿನ ಸಾಲಿನಲ್ಲಿ ಅಜ್ಜ ಅಜ್ಜಿ, ಕೆಳಗೆ ಜಮಖಾನದ ಮೇಲೆ ಮಕ್ಕಳು. ಇಂಥ ಸಭೆಯಲ್ಲಿ ಚುರುಕು ಇರಬಾರದು ಅಂತ ಕೆಲವರು ನಂಬಿದ್ದಾರೆ. ನಾನು ಅವರಿಗೆ ಮಾಸ್ಟರ್ ಹಿರಣ್ಣಯ್ಯನವರನ್ನು ನೆನಪಿಸುತ್ತೇನೆ. ಮನೆಮಂದಿಯೆಲ್ಲ ಕೂತು ನೋಡುವ 'ಲಂಚಾವತಾರ'ದಲ್ಲಿ ಅವರು ಮಂತ್ರಿಗಳನ್ನು ಬಿಟ್ಟವರಲ್ಲ. ಯಾರನ್ನು ಚುಚ್ಚುತ್ತೀರಿ ಅನ್ನುವುದು ಮುಖ್ಯ, ಎಷ್ಟು ಬೈಯುತ್ತೀರಿ ಅನ್ನುವುದಲ್ಲ.

2019ರ ಡಿಸೆಂಬರಿನಲ್ಲಿ ಮರ್ಫಿ 35 ವರ್ಷದ ಮೇಲೆ ಟಿವಿಯ ಹಾಸ್ಯ ಕಾರ್ಯಕ್ರಮ 'ಸ್ಯಾಟರ್‌ಡೇ ನೈಟ್ ಲೈವ್'ಗೆ ನಿರೂಪಕನಾಗಿ ಬಂದ. ಮನೆಯಲ್ಲಿ ಕೂರುವ ನೀರಸ ಅಪ್ಪ ನಾನಾದೆ, ಜೈಲಿಗೆ ಹೋದದ್ದು ಕಾಸ್ಬಿ, ಇದನ್ನು ಮೊದಲೇ ಹೇಳಿದ್ದರೆ ಯಾರು ನಂಬುತ್ತಿದ್ದರು ಅನ್ನುವ ಅರ್ಥದ ಮಾತಾಡಿದ. ಆ ವರ್ಷ ಮತ್ತೆ ಸ್ಟ್ಯಾಂಡ್-ಅಪ್ ಮಾಡುವ ಮಾತೂ ಆಡಿದ್ದ. ಕೋವಿಡ್ ಬಂತು, ಅಷ್ಟಕ್ಕೇ ನಿಂತಿತು. ಅವನು ವೇದಿಕೆಗೆ ಬರಲಿ ಅಂತ ನಾನು ಮನಸಾರೆ ಬಯಸುತ್ತೇನೆ. 'ರಾ' ಕಾಲದಲ್ಲಿ ಅವನ ಹತ್ತಿರ ಇಲ್ಲದ್ದು ಈಗ ಇದೆ. ಮದುವೆ, ವಿಚ್ಛೇದನ, ಬೇರೆ ಬೇರೆ ತಾಯಂದಿರ ಹತ್ತು ಮಕ್ಕಳು, ಎಲ್ಲರೂ ಸೇರುವ ಹಬ್ಬದ ಊಟ, 2017ರಲ್ಲಿ ತೀರಿಕೊಂಡ ಅಣ್ಣ ಚಾರ್ಲಿ. ಬೈಗುಳ ಇರುತ್ತದೋ ಇಲ್ಲವೋ ನನಗೆ ಚಿಂತೆಯಿಲ್ಲ. ಅಷ್ಟು ಜನರ ದನಿಗಳನ್ನು ಅವನು ಒಬ್ಬನೇ ನಿಂತು ಹೇಗೆ ಆಡಿ ತೋರಿಸುತ್ತಾನೆ ಅನ್ನುವುದನ್ನು ಕೇಳಬೇಕು.