ಕಾಲೇಜು ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯಲು ಮೊದಲು ನೋಡಬೇಕಾದ ವಿಡಿಯೊ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅಂಥ ಆಟಗಾರರನ್ನು ನೋಡಿ ಅಳೆಯುವ ಸ್ಕೌಟಿಂಗ್‌ಗೆ ಹೊಸದಾಗಿ ಬಂದವರು ಹೈಲೈಟ್ಸ್ ಬದಿಗಿಟ್ಟೇ ಕೆಲಸ ಶುರು ಮಾಡಬೇಕು. 60 ಗಜ ಎಸೆಯುವ ಹುಡುಗರು ಪ್ರತಿ ವರ್ಷ ಸಿಗುತ್ತಾರೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಉಳಿಯುವವನು ಮೊದಲು ಅಂದುಕೊಂಡದ್ದು ಕೈಕೊಟ್ಟ ಮೇಲೂ ಮುಂದೇನು ಅಂತ ಗೊತ್ತಿರುವವನು. ಹಾಗಾಗಿ ಮೂರನೇ ಡೌನ್‌ನಲ್ಲಿ (10 ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದರಲ್ಲಿ) 7 ಗಜಕ್ಕಿಂತ ಹೆಚ್ಚು ಬೇಕಿರುವ ಆಟಗಳನ್ನಷ್ಟೇ ಮೊದಲು ಆರಿಸಿಕೊಳ್ಳಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಅದು ಸಾಲದು. 22 ಆಟಗಾರರೂ ಕಾಣುವ ಎತ್ತರದ ವಿಡಿಯೊ, ಜೊತೆಗೆ ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಕ್ಯಾಮೆರಾ, ಎರಡೂ ಬೇಕು.

ಮೂರನೇ ಡೌನ್, 8 ಗಜ ಬೇಕು ಅಂತಿಟ್ಟುಕೊಳ್ಳಿ. ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದಕ್ಕೆ) ಮೊದಲು ಆಳದಲ್ಲಿ ಇಬ್ಬರು ಸೇಫ್ಟಿಗಳು, ಅಂದರೆ ಎದುರಾಳಿಯ ಹಿಂದಿನ ಸಾಲಿನ ರಕ್ಷಕರು. ಚೆಂಡು ಕೈಗೆ ಬರುತ್ತಿದ್ದಂತೆ ಒಬ್ಬ ಮುಂದಕ್ಕೆ ಇಳಿಯುತ್ತಾನೆ, ಇನ್ನೊಬ್ಬ ಮೈದಾನದ ನಡುವಿಗೆ ಸರಿಯುತ್ತಾನೆ. ಇಲ್ಲಿ ವಿಡಿಯೊ ನಿಲ್ಲಿಸಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ಯಾವ ಕಡೆಗಿದೆ ನೋಡಿ. ಮೊದಲ ರಿಸೀವರ್ (ಚೆಂಡು ಹಿಡಿಯಲು ಓಡುವ ಆಟಗಾರ) ಮೇಲೇ ಕಣ್ಣು ನೆಟ್ಟಿದ್ದರೆ ಇಳಿದ ಸೇಫ್ಟಿ ಆ ಚೆಂಡಿಗೆ ಕಾದಿರುತ್ತಾನೆ. ಚೆನ್ನಾಗಿ ಓದುವವನ ತಲೆ ಎರಡನೆಯ ರಿಸೀವರ್‌ನತ್ತ ಹೊರಳಿದಾಗ ಮುಂಗಾಲೂ ಅತ್ತ ಹೊರಳಿರುತ್ತದೆ. ತಲೆ ಹೊರಳಿ ಕಾಲು ಅಲ್ಲೇ ಉಳಿದರೆ ಚೆಂಡು ಗುರಿ ತಪ್ಪುತ್ತದೆ. ವರದಿಗಳಲ್ಲಿ ಕೈಯ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ಕಾಲಿನವು. ರಿಸೀವರ್ ತಿರುಗುವ ಮೊದಲೇ ಚೆಂಡು ಕೈಬಿಟ್ಟಿತೇ ಅಂತಲೂ ಫ್ರೇಮ್ ಫ್ರೇಮ್ ಆಗಿ ನೋಡಿ. ತಿರುಗಿದ್ದನ್ನು ಕಂಡ ಮೇಲೆ ಎಸೆಯುವುದು ಕಾಲೇಜಿನಲ್ಲಿ ನಡೆದೀತು, ಎನ್‌ಎಫ್‌ಎಲ್‌ನಲ್ಲಿ ಆ ಜಾಗ ಅಷ್ಟರಲ್ಲಿ ಮುಚ್ಚಿರುತ್ತದೆ.

ಅಂಕಿಗಳನ್ನು ನೀವೇ ಮತ್ತೆ ಲೆಕ್ಕ ಹಾಕಿ. 30 ಎಸೆತದಲ್ಲಿ 21 ಹಿಡಿತ ಅಂದರೆ 70%. ಅದರಲ್ಲಿ ಲೈನಿನ (ಆಟ ಶುರುವಾದ ಗೆರೆಯ) ಹಿಂದೆಯೇ ಕೊಟ್ಟ 10 ಸ್ಕ್ರೀನ್ ಪಾಸ್‌ಗಳಿದ್ದು ಹತ್ತೂ ಹಿಡಿತವಾಗಿದ್ದರೆ, ಉಳಿಯುವುದು 20ಕ್ಕೆ 11, ಅಂದರೆ 55%. ಕಾಲೇಜಿನಲ್ಲಿ ಸ್ಯಾಕ್ ಆಗಿ (ಎಸೆಯುವ ಮುನ್ನವೇ ಆ ಗೆರೆಯ ಹಿಂದೆ ಕೆಡವಿಸಿಕೊಂಡು) ಕಳೆದುಕೊಂಡ ಗಜಗಳನ್ನು ಆಟಗಾರನ ಓಟದಿಂದ ಕಳೆಯುತ್ತಾರೆ, ಹಾಗಾಗಿ ಓಟದ ಅಂಕಿಯೂ ನಿಜ ಹೇಳುವುದಿಲ್ಲ. ಸ್ಯಾಕನ್ನು ಬೇರೆಯಾಗಿಯೇ ಎಣಿಸಿ. ಒತ್ತಡ ಬಿದ್ದ ಐದು ಸಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ನೆಲಕ್ಕೆ ಬೀಳುತ್ತಿದ್ದರೆ ಮುಂದೆ ನಿಂತು ಅವನನ್ನು ಕಾಯುವ ಲೈನ್‌ಮನ್‌ಗಳನ್ನು ದೂರಬೇಡಿ. ಚೆಂಡು ಹಿಡಿದುಕೊಂಡು ನಿಲ್ಲುವ ಈ ಚಾಳಿ ತಂಡ ಬದಲಾದರೂ ಜೊತೆಗೇ ಬರುತ್ತದೆ.

ನಿಯಮಗಳ ವ್ಯತ್ಯಾಸವನ್ನೂ ಮರೆಯಬಾರದು. ಕಾಲೇಜಿನಲ್ಲಿ ಪಾಸ್‌ಗೆ ಮೊದಲು ಲೈನ್‌ಮನ್ 3 ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ ಮಾತ್ರ. ಓಟವೋ ಪಾಸೋ ಅಂತ ರಕ್ಷಕರನ್ನು ಗೊಂದಲಕ್ಕೆ ಬೀಳಿಸಿ ಸಿಗುವ ಸುಲಭದ ಎಸೆತಗಳು ಅಲ್ಲಿ ಕಡಿಮೆಯಾಗುತ್ತವೆ.

ಅಂಗೈ, ಎತ್ತರ ಬೇಗ ಮುಗಿಯುವ ವಿಷಯ. ಬೆರಳು ಚಾಚಿದ ಅಂಗೈ 9 ಇಂಚು ಇರಲಿ ಅನ್ನುತ್ತಾರೆ. 2020ರ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಲ್ಲಿ) ಮೊದಲನೆಯವನಾಗಿ ಆಯ್ಕೆಯಾದ ಜೋ ಬರೋ ಅಂಗೈ ಸರಿಯಾಗಿ 9 ಇಂಚು. ಅದಕ್ಕಿಂತ ಆಡಿದ ಅನುಭವಕ್ಕೆ ನಾವು ಹೆಚ್ಚು ತೂಕ ಕೊಡುತ್ತೇವೆ. 2017ರಲ್ಲಿ ಎರಡನೆಯ ಆಯ್ಕೆಯಾದ ಮಿಚೆಲ್ ಟ್ರುಬಿಸ್ಕಿ ಕಾಲೇಜಿನಲ್ಲಿ ಆರಂಭಿಕನಾಗಿ ಆಡಿದ್ದು 13 ಪಂದ್ಯ. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿದ ಬ್ರಾಕ್ ಪರ್ಡಿ 2022ರಲ್ಲಿ ಕಟ್ಟಕಡೆಯ, 262ನೇ ಆಯ್ಕೆ. ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ವರೆಗೂ ಹೋದ. ಇದಕ್ಕೆ ಒಗ್ಗದ ಉದಾಹರಣೆ ಜಾಶ್ ಆಲನ್. ಕಾಲೇಜಿನಲ್ಲಿ, ವಯೋಮಿಂಗ್‌ನಲ್ಲಿ, ಹಿಡಿತದ ಪ್ರಮಾಣ 56% ಆಸುಪಾಸಿನಲ್ಲಿದ್ದವನು ಎನ್‌ಎಫ್‌ಎಲ್‌ನ ಬಫಲೋ ತಂಡದಲ್ಲಿ 2020ಕ್ಕೆ 69% ದಾಟಿದ. ಅಂಥ ಬದಲಾವಣೆ ಬಲು ಅಪರೂಪ, ಅದನ್ನು ನಂಬಿ ಮೊದಲ ಸುತ್ತಿನ ಆಯ್ಕೆ ಖರ್ಚು ಮಾಡಬೇಡಿ.

ಸಂದರ್ಶನದಲ್ಲಿ ಹುಡುಗನದೇ ಒಂದು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ತೆರೆಯ ಮೇಲೆ ಹಾಕಿ, ಚೆಂಡು ಕೈಬಿಡುವ ಮುನ್ನ ನಿಲ್ಲಿಸಿ. ಐದೂ ರಿಸೀವರ್‌ಗಳು ಎಲ್ಲಿಗೆ ಓಡಬೇಕಿತ್ತು, ತನ್ನನ್ನು ಕಾಯುವ ಹೊಣೆ ಯಾರದು, ಯಾರ ಮೇಲೆ ಕಣ್ಣಿಟ್ಟಿದ್ದೆ ಅಂತ ಕೇಳಿ. ಉತ್ತರವನ್ನು ಅವನ ಮಾತಿನಲ್ಲೇ ಬರೆದುಕೊಳ್ಳಿ, ಆಮೇಲೆ ವಿಡಿಯೊ ಮುಂದುವರಿಸಿ.