ನಮ್ಮ ವೈಂಡಿಂಗ್ ಅಂಗಡಿಗೆ ಅಪ್ರೆಂಟಿಸ್ ಹುಡುಗ ಬಂದಿದ್ದು

ಹೋದ ವಾರ ಆಲ್ದೂರಿಂದ ನಮ್ಮ ಪರಿಚಯದ ಗ್ಯಾರೇಜಿನೋರು ಒಬ್ರು ಫೋನ್ ಮಾಡಿದ್ರು. ನೀವು ಐಟಿಐ ಹುಡುಗನ್ನ ಅಪ್ರೆಂಟಿಸ್ ಅಂತ, ಅಂದ್ರೆ ಕೆಲಸ ಕಲಿಯೋ ಟ್ರೈನಿ ಅಂತ, ಇಟ್ಕೊಂಡಿದೀರಂತಲ್ಲ, ಅದೆಲ್ಲ ದೊಡ್ಡ ಫ್ಯಾಕ್ಟರಿಯೋರಿಗೆ ಅಲ್ವಾ, ನಮ್ಮಂಥೋರಿಗೆ ತಲೆನೋವು ಆಗಲ್ವಾ ಅಂತ ಕೇಳಿದ್ರು. ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಅದು, ಅದಕ್ಕೇ ಕೂತ್ಕೊಂಡು ಬರೀತಾ ಇದೀನಿ, ನಮ್ಮೂರ ಕಡೆ ಬೇರೆಯೋರಿಗೂ ಉಪಯೋಗ ಆಗ್ಲಿ.

ನಮ್ದು ಚಿಕ್ಕಮಗಳೂರಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಅಂದ್ರೆ ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತೋ ಕೆಲಸ. ನನ್ನನ್ನ ಬಿಟ್ಟು 8 ಜನ ಇದೀವಿ ಅಂದ್ಕೊಳ್ಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟರು, ಬೋರ್‌ವೆಲ್ ಮೋಟರು, ಸ್ಪ್ರಿಂಕ್ಲರ್ ಪಂಪು, ತೋಟದೋರು ತರೋದೆಲ್ಲ ಮಾಡ್ತೀವಿ. ನವೆಂಬರಿಂದ ಅರೇಬಿಕಾ ಹಣ್ಣು ಶುರು ಆದ್ರೆ, ಆಮೇಲೆ ರೋಬಸ್ಟಾ, ಅದು ಮುಗಿಯೋ ಹೊತ್ತಿಗೆ ಕಾಫಿ ಹೂ ಬಿಡಲಿ ಅಂತ ನೀರು ಹೊಡೆಯೋಕೆ ಪಂಪುಗಳು, ಮಾರ್ಚ್ ಕಳೆಯೋ ತನಕ ತಲೆ ಎತ್ತೋಕೆ ಆಗಲ್ಲ. ಕುಯ್ದ ಹಣ್ಣು ಅವತ್ತೇ ಪಲ್ಪ್ ಆಗ್ಬೇಕು, ಇಟ್ರೆ ಹುಳಿ ಬರುತ್ತೆ, ಹಂಗಾಗಿ ಮೋಟರ್ ಸುಟ್ಟು ಬಂದೋರು ನಾಳೆ ಅಂದ್ರೆ ಕೇಳಲ್ಲ.

ಮೊದ್ಲು ಕಾನೂನಿನ ವಿಷಯ ಹೇಳ್ಬಿಡ್ತೀನಿ, ಎಲ್ಲರೂ ಹೆದರೋದು ಅಲ್ಲೇ. ಇದು 1961ರ ಅಪ್ರೆಂಟಿಸ್ ಕಾಯ್ದೆ, ಹೊಸದೇನಲ್ಲ. 2019ರಲ್ಲಿ ನಿಯಮ ಬದಲಾಯಿಸಿದ್ರು, 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೇಬೇಕು, ಒಟ್ಟು ಜನದಲ್ಲಿ ನೂರಕ್ಕೆ ಎರಡೂವರೆಯಿಂದ 15ರ ತನಕ. 4ರಿಂದ 29 ಜನ ಇರೋ ನಮ್ಮಂಥೋರಿಗೆ ಕಡ್ಡಾಯ ಇಲ್ಲ, ಬೇಕಿದ್ರೆ ತಗೋಬಹುದು. ಅಂದ್ರೆ ಸಣ್ಣ ಅಂಗಡಿಯೋರಿಗೂ ಬಾಗಿಲು ತೆಗೆದೇ ಇದೆ, ನಾವೇ ಆ ಕಡೆ ನೋಡಿರಲಿಲ್ಲ.

ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಲ್ಲಿ ಅಂಗಡಿ ರಿಜಿಸ್ಟರ್ ಮಾಡ್ಬೇಕು, ಹುಡುಗನೂ ಅಲ್ಲೇ ರಿಜಿಸ್ಟರ್ ಆಗ್ಬೇಕು, ಇಬ್ಬರ ಮಧ್ಯೆ ಕಾಂಟ್ರಾಕ್ಟ್ ಆಗುತ್ತೆ, 18 ತುಂಬದಿದ್ರೆ ಅಪ್ಪ ಅಮ್ಮ ಸೈನ್ ಹಾಕ್ಬೇಕು. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ, ಐಟಿಐಲಿ ಪಾಠ ಹೇಳೋ ಜೆಟಿಓ ಒಬ್ರು ಪಕ್ಕದಲ್ಲಿ ಕೂತು ತೋರಿಸಿಕೊಟ್ರು. ನೀವೂ ನಿಮ್ಮ ಹತ್ರದ ಐಟಿಐಗೆ ಹೋಗಿ ಕೇಳಿ. ಹುಡುಗನ್ನ ಹುಡುಕೋಕೂ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಯಾರು ಕೈಯಲ್ಲಿ ಚುರುಕು ಅಂತ ಪಾಠ ಹೇಳೋರಿಗೆ ಗೊತ್ತಿರುತ್ತೆ. ಈ ಕಾಂಟ್ರಾಕ್ಟ್ ಇದ್ರೆ ಅವನು ಕಾನೂನಿನ ಲೆಕ್ಕದಲ್ಲಿ ಕೆಲಸಗಾರ ಅಲ್ಲ, ಟ್ರೈನಿ, ಪಿಎಫ್ ಇಎಸ್‌ಐ ಕಟ್ಟೋ ಅಗತ್ಯ ಇಲ್ಲ. ಆದ್ರೆ ಕೆಲಸ ಮಾಡ್ವಾಗ ಏಟಾದ್ರೆ ಪರಿಹಾರ ಕೊಡೋ ಜವಾಬ್ದಾರಿ ನಮ್ದೇ. ಕಾಂಟ್ರಾಕ್ಟ್ ಇಲ್ಲದೆ ಬಾಯಲ್ಲಿ ಅಪ್ರೆಂಟಿಸ್ ಅಂದ್ಕೊಂಡು ಇಟ್ಕೊಂಡ್ರೆ ಅದು ಅಪ್ರೆಂಟಿಸ್ ಅಲ್ಲ, ಕಮ್ಮಿ ಸಂಬಳದ ಆಳು ಅಷ್ಟೆ.

ದುಡ್ಡು. 2019ರ ನಿಯಮದಲ್ಲಿ ಐಟಿಐ ಆದೋರಿಗೆ ತಿಂಗಳಿಗೆ ಕನಿಷ್ಠ 7000 ಸ್ಟೈಪೆಂಡ್ ಅಂತ ಇಟ್ರು. ಎನ್‌ಎಪಿಎಸ್ ಅಂತ 2016ರಿಂದ ಒಂದು ಸ್ಕೀಮ್ ಇದೆ, ಅದರಲ್ಲಿ ಸ್ಟೈಪೆಂಡಿನ ಕಾಲು ಭಾಗ, 1500 ಮೀರದ ಹಾಗೆ, ಕೇಂದ್ರ ಸರ್ಕಾರ ಕೊಡುತ್ತೆ, 2023ರಿಂದ ಅದು ಸೀದಾ ಹುಡುಗನ ಬ್ಯಾಂಕ್ ಖಾತೆಗೇ ಹೋಗುತ್ತೆ. ನಮ್ಮ ಪಾಲೂ ಬ್ಯಾಂಕಿಗೇ ಹಾಕ್ತೀವಿ. ಎಲ್ಲ ಸೇರಿ 9000 ಅವನ ಕೈ ಸೇರೋ ಹಾಗೆ ನಾನು ನೋಡ್ಕೊಂಡಿದೀನಿ, ಲಕ್ಯಾ ಕಡೆಯಿಂದ ದಿನಾ ಬಸ್ಸಲ್ಲಿ ಬರೋ ಹುಡುಗ, ಕನಿಷ್ಠದಲ್ಲೇ ನಿಲ್ಲಿಸೋಕೆ ನನಗೆ ಮನಸ್ಸು ಬರಲಿಲ್ಲ. ಇನ್ನೊಂದು, ಕಾಯ್ದೆಯಲ್ಲಿ ಅಪ್ರೆಂಟಿಸಿಗೆ ಪೀಸ್ ವರ್ಕ್ ಲೆಕ್ಕದಲ್ಲಿ ದುಡ್ಡು ಕೊಡೋ ಹಾಗಿಲ್ಲ. ನಮ್ಮ ಲೈನಲ್ಲಿ ಒಂದು ಮೋಟರಿಗೆ ಇಷ್ಟು ಅಂತ ಕೊಡೋದೇ ರೂಢಿ, ಮೊದ್ಲು ನನಗೆ ಇದು ವಿಚಿತ್ರ ಅನ್ನಿಸ್ತು, ಆಮೇಲೆ ಗೊತ್ತಾಯ್ತು ಎಷ್ಟು ಸರಿ ಅಂತ. ಪೀಸಿಗೆ ಬಿದ್ದ ಹುಡುಗ ಬೇಗ ಮುಗಿಸೋದು ಕಲೀತಾನೆ, ಸರಿಯಾಗಿ ಮಾಡೋದು ಕಲಿಯಲ್ಲ.

ಇಷ್ಟೆಲ್ಲ ಸುಲಭ. ಒಂದು ವಾರದಲ್ಲಿ ಆಗೋ ಕೆಲಸ. ಕಷ್ಟ ಇರೋದು ಕಲಿಸೋದ್ರಲ್ಲಿ.

ನಾನು ಕೆಲಸ ಕಲ್ತಿದ್ದು ಬೇರೆ ಊರಲ್ಲಿ ಒಂದು ಅಂಗಡೀಲಿ. ಸುಟ್ಟ ಮೋಟರ್ ಬಿಚ್ಚುವಾಗ ಹಳೇ ಕಾಯಿಲಿಂದ ಡೇಟಾ ತಗೋಬೇಕು, ಕಾಯಿಲ್ ಕೂರೋ ಸ್ಲಾಟು ಎಷ್ಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು, ಪಿಚ್ ಅಂದ್ರೆ ಒಂದು ಕಾಯಿಲು ಎಷ್ಟು ಸ್ಲಾಟ್ ದಾಟಿ ಕೂರುತ್ತೆ, ತಂತಿ ಜೋಡಿಸಿರೋ ರೀತಿ ಸ್ಟಾರಾ ಡೆಲ್ಟಾನಾ. ಈ ಕೆಲಸದ ಜೀವ ಇರೋದೇ ಅಲ್ಲಿ. ಸುತ್ತು ಕಮ್ಮಿ ಬಿತ್ತು ಅಂದ್ರೆ ಲೋಡ್ ಇಲ್ದೇನೇ ಮೋಟರ್ ಜಾಸ್ತಿ ಆಂಪ್ಸ್ ಎಳೆಯುತ್ತೆ, ಕಾದು ಮತ್ತೆ ಸುಡುತ್ತೆ. ಅಲ್ಲಿ ಮೇಸ್ತ್ರಿ ಸುತ್ತು ಎಣಿಸೋ ಹೊತ್ತಿಗೆ ಸರಿಯಾಗಿ ನನ್ನನ್ನ ಟೀ ತರೋಕೆ ಕಳಿಸೋರು. ಎರಡು ವರ್ಷ ಹಿಂಗೇ. ಗುಜರಿಗೆ ಹಾಕಿದ್ದ ಹಳೇ ಕಾಯಿಲನ್ನ ರಾತ್ರಿ ರೂಮಿಗೆ ತಂದು ಎಳೆ ಎಣಿಸಿ ಎಣಿಸಿ ಕಲ್ತೆ. ಆ ಎರಡು ವರ್ಷ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆದ್ರೂ ನನ್ನ ಮೊದಲನೇ ಅಪ್ರೆಂಟಿಸಿಗೆ ನಾನು ಮಾಡಿದ್ದೂ ಅದನ್ನೇ, ಬೇಕು ಅಂತಲ್ಲ. ಅವನನ್ನ ತಗೊಂಡಿದ್ದು ನವೆಂಬರ್ ಕೊನೇಲಿ, ಸೀಸನ್ ಜೋರಿತ್ತು, ಕೈ ಬೇಕಿತ್ತು. ಮೋಟರ್ ಇಳಿಸು, ವಾರ್ನಿಷ್ ಹಚ್ಚು, ಬೇರಿಂಗ್ ತಗೊಂಡು ಬಾ, ಇಷ್ಟೇ. ಒಬ್ಬರಿಗೂ ಅವನಿಗೆ ಹೇಳಿಕೊಡೋಕೆ ಪುರುಸೊತ್ತಿಲ್ಲ. ಅಧಿಕಾರಿಗಳ ಅನುಮತಿ ಇಲ್ದೆ ಅಪ್ರೆಂಟಿಸನ್ನ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಇಟ್ಕೊಳ್ಳೋ ಹಾಗೂ ಇಲ್ಲ, ನಮ್ಮಲ್ಲಿ ಸೀಸನ್ನಿನ ದೊಡ್ಡ ಕೆಲಸಗಳೆಲ್ಲ ನಡಿಯೋದೇ ರಾತ್ರಿ, ಹಂಗಾಗಿ ನೋಡಿ ಕಲಿಯೋದೂ ತಪ್ತು. ಜನವರೀಲಿ ಒಂದಿನ ಬರಲಿಲ್ಲ. ಫೋನ್ ಮಾಡಿದ್ರೆ, ಅಣ್ಣ ನಾನು ಬೆಂಗಳೂರಿಗೆ ಹೋಗ್ತೀನಿ, ಅಲ್ಲಿ ಡೆಲಿವರಿ ಕೆಲಸ ಸಿಕ್ಕಿದೆ ಅಂದ. ಎರಡು ವರ್ಷ ಎಲೆಕ್ಟ್ರಿಷಿಯನ್ ಓದಿದ ಹುಡುಗ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಅದಾದ್ಮೇಲೆ ತೀರ್ಮಾನ ಮಾಡ್ದೆ, ತಗೊಂಡ್ರೆ ಮಳೆಗಾಲದಲ್ಲೇ ತಗೋಬೇಕು. ಐಟಿಐ ಹುಡುಗ್ರು ಪರೀಕ್ಷೆ ಮುಗಿಸಿ ಹೊರಗೆ ಬರೋದೂ ಆಗಲೇ, ನಮ್ಮಲ್ಲಿ ಕೆಲಸ ಕಮ್ಮಿ ಇರೋದೂ ಆಗಲೇ. ಸೀಸನ್‌ಗೆ ಮುಂಚೆ ಕಲಿಸೋಕೆ ಎರಡು ತಿಂಗಳಾದ್ರೂ ಸಿಗುತ್ತೆ. ಈಗಿರೋ ಲಕ್ಯಾ ಕಡೆ ಹುಡುಗನ್ನ ಹಂಗೇ ತಗೊಂಡಿದ್ದು.

ಆಮೇಲೆ ನಮ್ಮ ಹಿರಿ ವೈಂಡರ್ ಹತ್ರ ಮಾತಾಡ್ದೆ. ಈ ಮಾತುಕತೇನ ಯಾರೂ ಬಿಡಬೇಡಿ, ಇದಿಲ್ದೆ ಮಿಕ್ಕಿದ್ದೆಲ್ಲ ವೇಸ್ಟು. ಅವರಿಗೆ ನನಗಿಂತ ಹತ್ತು ವರ್ಷ ಜಾಸ್ತಿ ವಯಸ್ಸು. ಅವರು ನೇರವಾಗೇ ಹೇಳಿದ್ರು, "ಇವತ್ತು ಕಲಿಸ್ತೀನಿ, ನಾಳೆ ಅವನು ಕಮ್ಮಿ ಸಂಬಳಕ್ಕೆ ಸಿಗ್ತಾನೆ, ಆಗ ನೀವು ನನ್ನ ಕಳಿಸ್ತೀರಿ, ಅಲ್ವಾ?" ನಾನು ಹೇಳ್ದೆ, "ಮೇಸ್ತ್ರಿ, ನಿಮ್ಮ ಕೆಲಸಕ್ಕೆ ನಾನು ಗ್ಯಾರಂಟಿ. ಹುಡುಗ ಇರೋಷ್ಟು ದಿನ ಕಲಿಸಿದ್ದಕ್ಕೆ ತಿಂಗಳಿಗೆ 1500 ಬೇರೆ ಕೊಡ್ತೀನಿ, ಅದು ಸಂಬಳದಲ್ಲಿ ಸೇರಲ್ಲ." ಅವರು ಒಪ್ಪಿದ್ದು ದುಡ್ಡಿಗಲ್ಲ, ಕಲಿಸೋದೂ ಒಂದು ಕೆಲಸ ಅಂತ ಒಬ್ರು ಗುರುತಿಸಿದ್ರಲ್ಲ ಅನ್ನೋದಕ್ಕೆ, ಅಂತ ನನ್ನ ನಂಬಿಕೆ. ಆ ಭಯ ಇರೋ ತನಕ ಯಾವ ಮೇಸ್ತ್ರಿನೂ ಪೂರ್ತಿ ಕೈಬಿಚ್ಚಿ ಹೇಳಿಕೊಡಲ್ಲ, ನನ್ನ ಹಳೇ ಮೇಸ್ತ್ರಿಗೂ ಅದೇ ಭಯ ಇದ್ದಿರಬೇಕು.

ಗುಜರಿ ಅಂಗಡಿಯಿಂದ ಎರಡು ಸುಟ್ಟ ಮೋಟರ್ ತಂದಿಟ್ವಿ, ಮೊದಲನೇದು ಒಂದು ಎಚ್‌ಪಿ ಸಿಂಗಲ್ ಫೇಸು, ಇನ್ನೊಂದು ಮೂರು ಎಚ್‌ಪಿ ತ್ರೀ ಫೇಸು. ಇವು ಕಸ್ಟಮರ್‌ದಲ್ಲ, ಕೆಟ್ರೂ ಯಾರೂ ಬೈಯಲ್ಲ. ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆ ಮೇಸ್ತ್ರಿ ಹುಡುಗ ಇಬ್ರೂ ಆ ಮೋಟರ್ ಮುಂದೆನೇ, ಯಾರೇ ಬಂದ್ರೂ ನಾನೇ ಕೌಂಟರಲ್ಲಿ ಮಾತಾಡಿ ಕಳಿಸ್ತೀನಿ. ಬಿಚ್ಚು, ಡೇಟಾ ಬರಿ, ಸುತ್ತು, ಸ್ಲಾಟಿಗೆ ಪೇಪರ್ ಹಾಕಿ ಕೂರಿಸು, ಕರೆಂಟ್ ಲೀಕ್ ಆಗುತ್ತಾ ಅಂತ ಮೆಗ್ಗರ್ ಮೀಟರಲ್ಲಿ ಚೆಕ್ ಮಾಡು, ಮತ್ತೆ ಬಿಚ್ಚು. ಒಂದೇ ಮೋಟರನ್ನ ಅವನು ನಾಲ್ಕು ಸಲ ಸುತ್ತಿದಾನೆ, ಆ ತಾಮ್ರದ ಖರ್ಚು ಪೂರಾ ನಂದು. ನನಗೆ ಆಗಿರೋ ನಷ್ಟ ಏನಾದ್ರೂ ಇದ್ರೆ ಅದೊಂದೇ. ನೋಟ್‌ಬುಕ್ಕೊಂದು ಕೊಟ್ಟಿದೀನಿ, ಅಂಗಡಿಗೆ ಬರೋ ಪ್ರತಿ ಮೋಟರಿನ ಡೇಟಾ ಅದರಲ್ಲಿ ಅವನ ಕೈಯಲ್ಲೇ ಬರೀಬೇಕು, ಹೋಗುವಾಗ ಆ ಬುಕ್ಕು ಅವನಿಗೇ. ಇದಕ್ಕೆ ನನ್ನ ಫ್ರೆಂಡ್ಸೇ ಬೈದ್ರು, ಅಂಗಡಿ ಗುಟ್ಟು ಕೊಟ್ಟು ಕಳಿಸ್ತೀಯಾ ಅಂತ. ನಾಳೆ ಅವನು ಕಡೂರಲ್ಲೋ ಸಖರಾಯಪಟ್ಟಣದಲ್ಲೋ ಅಂಗಡಿ ಇಡ್ಲಿ, ಸೀಸನ್ನಲ್ಲಿ ಕೈ ಸಾಲದೆ ನಾನು ವಾಪಸ್ ಕಳಿಸೋ ಮೋಟರುಗಳು ಎಷ್ಟಿವೆ ಅಂತ ಆ ಫ್ರೆಂಡ್ಸಿಗೇನು ಗೊತ್ತು.

ಅವನ ಅಮ್ಮ ಒಂದ್ಸಲ ಬಂದಿದ್ರು, "ಅಣ್ಣ, ಬೈದ್ರೂ ಪರವಾಗಿಲ್ಲ, ಬಿಡಬೇಡಿ ಇವನ್ನ" ಅಂದ್ರು. ಡಿಸೆಂಬರಲ್ಲಿ ಆಲ್ದೂರಿನ ಒಂದು ತೋಟದ ಐದು ಎಚ್‌ಪಿ ಪಲ್ಪರ್ ಮೋಟರನ್ನ ಇವನೇ ಸುತ್ತಿದ್ದ, ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ರು ಅಷ್ಟೆ, ಕೈ ಹಾಕಲಿಲ್ಲ. ಸೀಸನ್ ಪೂರ್ತಿ ಓಡ್ತು.

ಐಟಿಐ ಆದೋರಿಗೆ ಈ ಟ್ರೇಡಲ್ಲಿ ಒಂದು ವರ್ಷ. ಮುಗಿದ್ಮೇಲೆ ಪರೀಕ್ಷೆ ಇರುತ್ತೆ, ಪಾಸಾದ್ರೆ ನ್ಯಾಷನಲ್ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ. ಆಮೇಲೆ ಕೆಲಸ ಕೊಡ್ಲೇಬೇಕು ಅಂತ ನಮಗೆ ಕಡ್ಡಾಯ ಇಲ್ಲ, ಆದ್ರೆ ಇವನಿಗೆ ಇರು ಅಂತ ಹೇಳಿದೀನಿ, ವೈಂಡರ್ ಸಂಬಳಕ್ಕೆ. ಇನ್ನೂ ಉತ್ತರ ಕೊಟ್ಟಿಲ್ಲ, ಯೋಚನೆ ಮಾಡ್ಲಿ.

ಮೂಡಿಗೆರೆ ಕಡೆಯ ಒಂದು ಹುಡುಗಿ ಬಂದು ಕೇಳಿಕೊಂಡು ಹೋಗಿದಾಳೆ, ಎಲೆಕ್ಟ್ರಿಷಿಯನ್ ಕೊನೇ ವರ್ಷ, ಮುಂದಿನ ಮಳೆಗಾಲಕ್ಕೆ ಬರ್ತೀನಿ ಅಂತ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಟಾಯ್ಲೆಟ್ ಇಲ್ಲ, ಇಷ್ಟು ವರ್ಷ ಅದರ ಯೋಚನೇನೇ ಬಂದಿರಲಿಲ್ಲ. ಹಿಂದಿನ ಗೋಡೆ ಹತ್ರ ಜಾಗ ಅಳತೆ ಮಾಡಿಸಿದೀನಿ, ಗಾರೆ ಕೆಲಸದೋರು ಸೋಮವಾರ ಬರ್ತಾರೆ.